ಆಲೂಗಡ್ಡೆಗೆ ವಾಸನೆ ಹತ್ತಿಸಿದ ಪುಡಿ

ಹೋದ ಭಾನುವಾರ ಪುಣೆಯ ನಮ್ಮ ಅಡುಗೆಮನೆಯಲ್ಲಿ ಪಲ್ಯಕ್ಕೆ ಆಲೂಗಡ್ಡೆ ಸಿಪ್ಪೆ ತೆಗೀತಾ ಇದ್ದೆ. ಒಂದರಲ್ಲಿ ಹುಳ ಕೊರೆದ ತೂತು. ಹಾಸನದ ಕಡೆ ಊರಲ್ಲಿರೋ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. "ಗೊಣ್ಣೆಹುಳ ಇರ್ಬೇಕು ಕಣೋ. ನಮ್ಮ ಕಾಲದಲ್ಲಿ ಗ್ಯಾಮಾಕ್ಸಿನ್ ಪುಡಿ ಹಾಕ್ತಿದ್ವಿ" ಅಂದರು. ಆ ಪುಡಿಯ ಹಿಂದೆ ಹೋದರೆ ಸಿಕ್ಕಿದ್ದು ಇಂಗ್ಲೆಂಡಿನ ಹುಲ್ಲುಗಾವಲು.

1939. ಯುದ್ಧ ಬಂದರೆ ಹಡಗಿನಲ್ಲಿ ಬರೋ ಆಹಾರ ನಿಲ್ಲುತ್ತೆ ಅನ್ನೋ ಭಯ. ಹಳೇ ಹುಲ್ಲುಗಾವಲು ಉಳುಮೆ ಮಾಡಿದವರಿಗೆ ಎಕರೆಗೆ 2 ಪೌಂಡ್ ಕೊಡ್ತೀವಿ ಅಂತ ಸರ್ಕಾರ ಹೇಳಿತು. ಆದರೆ ಆ ಹುಲ್ಲಿನ ಬೇರಿನಡಿ ವೈರ್‌ವರ್ಮ್ ಇತ್ತು. ಒಂದು ಬಗೆಯ ದುಂಬಿಯ ಮರಿಹುಳ ಅದು; ತಂತಿ ತುಂಡಿನ ಹಾಗೆ ಗಟ್ಟಿ, ಮಣ್ಣಿನಲ್ಲೇ 4-5 ವರ್ಷ ವಾಸ. ಹುಲ್ಲು ಹೋದಮೇಲೆ ಗೋಧಿಗೆ, ಆಲೂಗಡ್ಡೆಗೆ ಬಾಯಿ ಹಾಕಿತು. ಸರಿಯಾದ ಔಷಧಿ ಇರಲಿಲ್ಲ. ಹಾಗಾಗಿ ಹೊಲಹೊಲಕ್ಕೂ ಹೋಗಿ ಮಣ್ಣು ತೆಗೆದು ಹುಳ ಎಣಿಸಿದರು. ಎಕರೆಗೆ ಲಕ್ಷಗಟ್ಟಲೆ ಇದ್ದರೆ ಆಲೂಗಡ್ಡೆ ಬೇಡ, ಬಟಾಣಿನೋ ಬೀನ್ಸೋ ಹಾಕಿ ಅನ್ನೋ ಸಲಹೆ. ಹುಳದ ಸೆನ್ಸಸ್ ಅನ್ನಿ!

ಯುದ್ಧದ ನಡುವೆಯೇ ಐಸಿಐ ಕಂಪನಿ ಬಿಎಚ್‌ಸಿ ಹುಳ ಕೊಲ್ಲುತ್ತೆ ಅಂತ ಕಂಡುಕೊಂಡಿತು. ಅಪ್ಪನ ಗ್ಯಾಮಾಕ್ಸಿನ್ ಅದೇ. ಹುಳ ಸತ್ತಿತು, ಆದರೆ ಆಲೂಗಡ್ಡೆ ಬೇಯಿಸಿದರೆ ಮುಗ್ಗಲು ವಾಸನೆ. ಪುಡಿ ಹಾಕಿದ ಮಣ್ಣಲ್ಲಿ ಮುಂದಿನ ವರ್ಷ ಬೆಳೆದ ಗೆಡ್ಡೆಗೂ ಅದೇ ವಾಸನೆ.

ಅದಕ್ಕೇ ಆಲ್ಡ್ರಿನ್‌ಗೆ ಅಷ್ಟು ಸ್ವಾಗತ ಸಿಕ್ಕಿದ್ದು. 1950ರ ನೊಬೆಲ್ ಹಂಚಿಕೊಂಡ ಕರ್ಟ್ ಆಲ್ಡರ್ ಹೆಸರು ಅದಕ್ಕೆ. ರುಚಿ ಕೆಡಲಿಲ್ಲ, ಎಲ್ಲರಿಗೂ ಖುಷಿ. ನನ್ನನ್ನು ಕೇಳಿದರೆ ಎಡವಿದ್ದೇ ಇಲ್ಲಿ: ಬಿಎಚ್‌ಸಿ ತನ್ನ ಚಾಡಿ ತಾನೇ ಹೇಳ್ತಿತ್ತು, ಆಲ್ಡ್ರಿನ್ ಬಾಯೇ ಬಿಡಲಿಲ್ಲ. ಮಣ್ಣಿನಲ್ಲಿ ಡೈಎಲ್ಡ್ರಿನ್ ಆಗಿ ವರ್ಷಗಟ್ಟಲೆ ಉಳಿಯಿತು. ಬಿತ್ತನೆ ಗೋಧಿಗೂ ಇವನ್ನು ಹಚ್ಚಿದರು. 1960ರ ಹೊತ್ತಿಗೆ ಹೊಲಗಳಲ್ಲಿ ಪಾರಿವಾಳ ಸತ್ತು ಬಿದ್ದವು, ಅವನ್ನು ತಿಂದ ನರಿಗಳೂ ಸತ್ತವು. ವಸಂತದ ಬಿತ್ತನೆಗೆ ಬಳಸೋದು ನಿಂತಿತು. ಆಲೂಗಡ್ಡೆ ಹೊಲಕ್ಕೆ ಮಾತ್ರ ಇನ್ನೂ ಬಹಳ ವರ್ಷ ಹೋಗ್ತಾನೇ ಇತ್ತು.

ನಮ್ಮಲ್ಲಿ ಬಿಎಚ್‌ಸಿ ನಿಷೇಧ ಆಗಿದ್ದು 1997ರ ಏಪ್ರಿಲ್ 1ರಂದು. ಇದನ್ನೆಲ್ಲ ಹೇಳಿ ಅಪ್ಪನ್ನ ಕೇಳಿದೆ, "ನಮ್ಮ ಗೆಡ್ಡೆಗೂ ವಾಸನೆ ಬರ್ತಿತ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬರ್ತಿತ್ತು. ಮನೆಗೆ ಅಂತ ನಾಲ್ಕು ಸಾಲು ಪುಡಿ ಹಾಕದೇ ಬಿಟ್ಕೊಳ್ತಿದ್ವಿ."