ಮೀಸೆಗಂಟದ ಮಣ್ಣು

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆಯನ್ನು ಜಂಬದವರನ್ನು ಆಡಿಕೊಳ್ಳಲು ಬಳಸುತ್ತೇವೆ. ಕುಸ್ತಿ ಕಂಡವರಿಗೆ ಅದರೊಳಗೆ ಇನ್ನೊಂದು ಕುಚೋದ್ಯವೂ ಕಾಣುತ್ತದೆ. ಚಿತ್ತಾದವನು ಅಂಗಾತ ಬಿದ್ದಿರುತ್ತಾನೆ, ಮೀಸೆ ಆಕಾಶ ನೋಡುತ್ತಿರುತ್ತದೆ. ಅದಕ್ಕೆ ಮಣ್ಣಾಗುವುದಾದರೂ ಹೇಗೆ? ಮಣ್ಣಾದದ್ದು ಬೆನ್ನು. ಸೋಲು ಅಂಟಿರುವುದೂ ಅಲ್ಲೇ.

ಇದೆಲ್ಲ ನೆನಪಾದದ್ದು ವಿಜಯನಗರದಲ್ಲಿರುವ ನಮ್ಮಕ್ಕನ ಮಗನಿಂದ. "ಮಾಮ, ವಿಂಗ್ಸ್ ಬರ್ಬೇಕು, ಏನ್ ಹೊಡೀಲಿ?" ಎಂದು ಫೋನು ಮುಂದಿಟ್ಟ. ಬೆನ್ನು ಅಗಲ ಮಾಡುವುದಕ್ಕೇ ಹದಿನಾಲ್ಕು ಬಗೆಯ ವ್ಯಾಯಾಮ ಅದರಲ್ಲಿತ್ತು. ಈಗಿನ ಹುಡುಗರಿಗೆ ಬೆನ್ನೆಂದರೆ ರೆಕ್ಕೆ. ನನಗೆ ಗೊತ್ತಿರುವ ಬೆನ್ನಿನ ಕಥೆ ಬೇರೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದದ ಭಾಗವೊಂದಿದೆ. ಮಲ್ಲರ ಸಾಧನೆಗೆ ಅಲ್ಲಿ ಕೊಟ್ಟಿರುವ ಹೆಸರುಗಳಲ್ಲಿ ಕೆಲವು ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮ. ಭಾರ ಎತ್ತು, ತಿರುಗು, ಈಜು, ಕಂಬಕ್ಕೆ ಜೋತುಬೀಳು. ಎದೆಗೊಂದು ದಿನ, ಬೆನ್ನಿಗೊಂದು ದಿನ ಎಂಬ ಹಂಚಿಕೆ ಕಾಣುವುದಿಲ್ಲ. ಆದರೆ ಈಜು ಮತ್ತು ಕಂಬ, ಎರಡರಲ್ಲೂ ಮೇಲಕ್ಕೆ ಚಾಚಿದ ತೋಳನ್ನು ಮೈಯ ಕಡೆಗೆ ಎಳೆದುಕೊಳ್ಳಬೇಕು. ಬೆನ್ನು ಅಗಲವಾಗುವುದು ಆ ಎಳೆತದಿಂದಲೇ. ಸೊಂಟದ ಮೂಳೆಯಂಚು, ಬೆನ್ನುಮೂಳೆಯ ಕೆಳಭಾಗದಿಂದ ಹೊರಟು, ಕಂಕುಳ ಕೆಳಗೆ ಹಾದು ತೋಳಿನ ಮೂಳೆಗೆ ಅಂಟುವ ಸ್ನಾಯುವೊಂದಿದೆ. ಜಿಮ್ಮಿನವರು 'ಲ್ಯಾಟ್ಸ್' ಅನ್ನುವುದು ಅದಕ್ಕೆ.

ನಮ್ಮ ದೊಡ್ಡಪ್ಪ ಬಿನ್ನಿ ಮಿಲ್ಲಿನಲ್ಲಿ ಕೆಲಸ ಮಾಡುತ್ತಾ ಪೇಟೆಯ ಗರಡಿಯೊಂದರಲ್ಲಿ ಸಾಮು ಮಾಡಿದವರು. ಲ್ಯಾಟ್ಸ್ ಅನ್ನುವ ಮಾತನ್ನು ಅವರು ಕೇಳಿರಲಿಲ್ಲ, ಆದರೆ ಅಂಗಿ ಬಿಚ್ಚಿದರೆ ಬೆನ್ನು ಮೊರದಗಲ. ದಂಡೆ, ಬಸ್ಕಿಯಲ್ಲಿ ನೆಲ ತಳ್ಳುವ ಕೆಲಸವೇ ಹೆಚ್ಚು, ಎಳೆಯುವ ಕೆಲಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಆ ಬೆನ್ನು ಬಂದದ್ದೆಲ್ಲಿಂದ? "ಗುದ್ದಲಿಯಿಂದ" ಅನ್ನುತ್ತಿದ್ದರು. ಸೇರಿದ ಹೊಸದರಲ್ಲಿ ಅವರಿಗೆ ಕುಸ್ತಿಯನ್ನೇ ಹೇಳಿಕೊಡಲಿಲ್ಲವಂತೆ. ಬೆಳಗಿನ ಜಾವ ಹನುಮಂತನಿಗೆ ಕೈಮುಗಿದು ಮಟ್ಟಿ ಅಗೆಯಬೇಕು. ಜರಡಿ ಹಿಡಿದ ಕೆಮ್ಮಣ್ಣು, ಅದಕ್ಕೆ ಎಣ್ಣೆ, ಅರಿಶಿನ, ಮಜ್ಜಿಗೆ. ದಿನದಿನವೂ ಜನ ಬಿದ್ದೆದ್ದು ಗಟ್ಟಿಯಾದ ಆ ಮಣ್ಣನ್ನು ಗುದ್ದಲಿಯಲ್ಲಿ ಅಗೆದಗೆದು ಕಾಲ ಬುಡಕ್ಕೆ ಎಳೆದುಕೊಳ್ಳುವುದು. ಆಮೇಲೆ ಗದೆ ತಿರುಗಿಸುವುದು, ಜೋಡಿಯ ಕತ್ತಿಗೆ ಕೈಹಾಕಿ ಎಳೆದಾಡುವುದು, ಕೊನೆಗೆ ಸ್ನಾನಕ್ಕೆ ಬಾವಿಯಿಂದ ನೀರು ಸೇದುವುದು. ಒಂದು ಬೆಳಗಿಗೆ ಎಷ್ಟು ಎಳೆತವಾಯಿತು, ನೀವೇ ಲೆಕ್ಕ ಹಾಕಿ. ಅಗಲವಾದ ಬೆನ್ನು ಬೇಕೆಂದು ಅವರಲ್ಲಿ ಯಾರೂ ಬಯಸಿರಲಾರರು. ಅದು ಮಣ್ಣಿಗೆ ತಾಗದಿದ್ದರೆ ಅವರಿಗೆ ಸಾಕಿತ್ತು.

ಬೆನ್ನನ್ನು ತೋರಿಸಬಹುದು ಎಂದು ಬೆಂಗಳೂರಿಗೆ ಕಲಿಸಿದವರಲ್ಲಿ ಕೆ.ವಿ. ಅಯ್ಯರ್ ಮೊದಲಿಗರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಅದೇ ಅಯ್ಯರ್. ಹೇಳಿದರೆ ಜಿಮ್ಮಿನ ಹುಡುಗರು ನಂಬುವುದಿಲ್ಲ, ಕೆಲವು ಕನ್ನಡ ಮೇಷ್ಟ್ರುಗಳೂ ನಂಬುವುದಿಲ್ಲ. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ತಂದರು, ದೂರದವರಿಗೆ ಅಂಚೆಯಲ್ಲೇ ಪಾಠ ಕಳಿಸಿದರು, ಬಾರ್ಬೆಲ್ಲಿನ ಜೊತೆಗೆ ಸೂರ್ಯ ನಮಸ್ಕಾರವನ್ನೂ ಸೇರಿಸಿದರು. ಅವರ ವ್ಯಾಯಾಮಶಾಲೆ ಇದ್ದದ್ದು ಜೆ.ಸಿ. ರಸ್ತೆಯಲ್ಲಿ. ಫೋಟೋಗೆ ನಿಂತ ಅವರ ಮೈಯಲ್ಲಿ ಒಂದೊಂದು ಸ್ನಾಯುವನ್ನೂ ಬಿಡಿಬಿಡಿಯಾಗಿ ಎಣಿಸಬಹುದು. ಕುಸ್ತಿಯವರು ಎದುರಾಳಿಯನ್ನು ನೋಡುತ್ತಿದ್ದರೆ ಇವರ ಕಡೆಯವರು ಕನ್ನಡಿ ನೋಡಿದರು. ತಪ್ಪೇನಿಲ್ಲ, ಆದರೆ ಕನ್ನಡಿಯಲ್ಲಿ ಕಾಣದ ಒಂದೇ ಭಾಗ ಬೆನ್ನು.

ನಮ್ಮ ಕಡೆಗೆ ಕಬ್ಬಿಣ ತಡವಾಗಿ ಬಂತು. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದೇ 1949ರಲ್ಲಿ. ಎಂಬತ್ತರ ದಶಕದಲ್ಲಿ ನಾನು ಸೇರಿದ ಜಿಮ್ಮು ನವರಂಗ್ ಟಾಕೀಸಿನ ಹಿಂದಿನ ಒಂದು ಶೀಟಿನ ಶೆಡ್ಡು. ಪ್ಲೇಟುಗಳು ಇಂಡಸ್ಟ್ರಿಯಲ್ ಎಸ್ಟೇಟಿನ ಫೌಂಡ್ರಿಯಲ್ಲಿ ಎರಕ ಹೊಯ್ದವು. ಮೇಲೆ 10 ಅಂತಿದ್ದರೂ ಒಂದರ ತೂಕ ಇನ್ನೊಂದಕ್ಕಿಲ್ಲ. ರಾಡನ್ನು ಲೇತಿನ ಕೆಲಸದ ಹುಡುಗನೊಬ್ಬ ಓವರ್‌ಟೈಮಿನಲ್ಲಿ ತಿರುಗಿಸಿಕೊಟ್ಟಿದ್ದ. ಗೋಡೆಯಲ್ಲಿ ಒಂದು ಕಡೆ ಹನುಮಂತ, ಒಂದು ಕಡೆ ಆರ್ನಾಲ್ಡ್. ಊದುಬತ್ತಿ ಇಬ್ಬರಿಗೂ. ಆರ್ನಾಲ್ಡ್ ನಂಬಿದ್ದು ಅಗಲ ಹಿಡಿತದ ಚಿನ್ನಿಂಗನ್ನು ಎಂದು ನಮ್ಮ ಮಾಸ್ತರರು ದಿನವೂ ಸಿಂಗಲ್ ಬಾರಿಗೆ ಜೋತುಹಾಕಿಸುತ್ತಿದ್ದರು. ಕತ್ತಿನ ಹಿಂದಕ್ಕೆ ಎಳೆದರೆ ಇನ್ನೂ ಅಗಲ ಎಂಬ ಅವರ ಮಾತು ನಂಬಿ ವರ್ಷಗಟ್ಟಲೆ ಹಾಗೇ ಮಾಡಿದೆ. ಬಲಭುಜ ಇಂದಿಗೂ ಮೋಡ ಕವಿದರೆ ನೋಯುತ್ತದೆ.

ಅಕ್ಕನ ಮಗನ ಹದಿನಾಲ್ಕರ ಪಟ್ಟಿಯಲ್ಲಿ ನಾನು ಮೂರನ್ನು ಉಳಿಸಿದೆ. ಮೊದಲು ಚಿನ್ನಿಂಗ್: ಹಿಡಿತ ಭುಜಕ್ಕಿಂತ ತುಸು ಅಗಲ, ಮೊಣಕೈ ಪೂರ್ತಿ ನೇರವಾಗುವಷ್ಟು ಜೋತುಬೀಳು, ಮೊದಲು ಹೆಗಲಮೂಳೆ ಇಳಿಸು, ಆಮೇಲೆ ಮೊಣಕೈಗಳನ್ನು ಪ್ಯಾಂಟಿನ ಜೇಬಿನ ಕಡೆಗೆ ತಾ. ಗಲ್ಲ ಮೇಲೆ ಬಂತೋ ಇಲ್ಲವೋ, ಅದು ಎರಡನೇ ಮಾತು. ಮೈಭಾರ ಎಳೆಯಲಾಗದವನಿಗೆ ಪುಲ್‌ಡೌನ್ ಮೆಷಿನ್, ಎದೆಯ ಮುಂದಕ್ಕೇ. ಮೂರನೆಯದು ಬಗ್ಗಿ ರಾಡನ್ನು ಹೊಟ್ಟೆಗೆಳೆಯುವ ರೋಯಿಂಗ್. ಇದು ಅಗಲಕ್ಕಿಂತ ದಪ್ಪಕ್ಕೆ ಒಳ್ಳೆಯದು. ಗುದ್ದಲಿಗೆ ಹತ್ತಿರದ ನೆಂಟ, ಬಿಡುವಂತಿಲ್ಲ. ಕೊರಳೆಲುಬಿನ ಉದ್ದ ಅಪ್ಪ ಅಮ್ಮ ಕೊಟ್ಟದ್ದು, ಅದನ್ನು ಯಾವ ಮೆಷಿನ್ನೂ ಎಳೆದು ಹಿಗ್ಗಿಸುವುದಿಲ್ಲ ಎಂದೂ ಹೇಳಿದೆ. ಆ ಮಾತು ಅವನಿಗೆ ರುಚಿಸಲಿಲ್ಲ.

ಭಾನುವಾರ ಬಸವೇಶ್ವರನಗರದ ನಮ್ಮ ಪಾರ್ಕಿಗೆ ಬಂದು ಮೂರು ಚಿನ್ನಿಂಗ್ ತೆಗೆದ. ಮೂರನೆಯದು ಅರ್ಧ. ಅಲ್ಲಿನ ಸಿಂಗಲ್ ಬಾರಿಗೆ ಫೀಸಿಲ್ಲ, ನೀವೂ ಬನ್ನಿ. ಆರು ಗಂಟೆಗೆ ಮುಂಚೆ ಬಂದರೆ ಒಳ್ಳೆಯದು, ಆಮೇಲೆ ವಾಕಿಂಗಿನವರು ಅದರ ಮೇಲೆ ಸ್ವೆಟರ್ ನೇತುಹಾಕುತ್ತಾರೆ.