ಕೋಟೆ, ಶಾಲೆ ಮತ್ತು ನಂದಗಡದ ಆಲ

ನ್ಯೂಜಿಲೆಂಡಿನ ಕೆರಿಕೆರಿ ಎಂಬಲ್ಲಿ ಕ್ರೈಸ್ತ ಮಿಶನರಿಗಳು 1822ರಲ್ಲಿ ಕಟ್ಟಿದ ಮರದ ಮನೆ ಇಂದಿಗೂ ನಿಂತಿದೆ. ಪಕ್ಕದಲ್ಲಿ 1830ರ ದಶಕದ ಕಲ್ಲಿನ ಉಗ್ರಾಣ. ಎರಡನ್ನೂ ಜೋಪಾನವಾಗಿ ಕಾಪಾಡಿ ಜನರಿಗೆ ತೋರಿಸುತ್ತಾರೆ. ಆ ಮನೆ ಏಳುವುದಕ್ಕೆ ಎರಡು ವರ್ಷ ಮೊದಲೇ, 1820ರಲ್ಲಿ, ಲಂಡನ್ ಮಿಶನರಿ ಸೊಸೈಟಿಯ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬೆಳಗಾವಿಗೆ ಬಂದಿದ್ದರು. ಆದರೆ ಬೆಳಗಾವಿಯ ಮಿಶನ್ ಚರಿತ್ರೆಯನ್ನು ಹುಡುಕುತ್ತಾ ಹೊರಟ ನಮಗೆ ಸಿಗುವುದು ಉದ್ಯಾನವಲ್ಲ. ಗಂಟೆ ಬಾರಿಸುವ ಶಾಲೆಗಳು, ರವಿವಾರ ತುಂಬುವ ಚರ್ಚುಗಳು. ಕಟ್ಟಡಗಳು ಬದುಕಿರುವುದಕ್ಕೆ ಇದೂ ಒಂದು ದಾರಿಯೇ.

ಟೇಲರ್ ಬಂದ ಕಾಲವನ್ನು ಗಮನಿಸಬೇಕು. 1818ರಲ್ಲಿ ಜನರಲ್ ಮನ್ರೋನ ಸೇನೆ ಸುಮಾರು ಮೂರು ವಾರ ಮುತ್ತಿಗೆ ಹಾಕಿ ಪೇಶ್ವೆಯ ಕಡೆಯವರಿಂದ ಕೋಟೆಯನ್ನು ಗೆದ್ದುಕೊಂಡಿತ್ತು. ಮೊದಲು ದಂಡು, ಅದರ ಬೆನ್ನಿಗೇ ಮಿಶನ್. ಬೆನನ್ ಮತ್ತು ಸ್ಮಿತ್ ಎಂಬ ಇಬ್ಬರು ಪಾದ್ರಿಗಳ ಹೆಸರು ಹೊತ್ತ ಪ್ರೌಢಶಾಲೆ ಆ ಮಿಶನ್ನಿನ ಕೂಸು. 1904ರಲ್ಲಿ ಲಂಡನ್ನಿನವರು ಇಲ್ಲಿನ ಕೆಲಸವನ್ನು ಅಮೆರಿಕದ ಮೆಥೊಡಿಸ್ಟರಿಗೆ ಒಪ್ಪಿಸಿದರು. ಕಂಟೋನ್ಮೆಂಟಿನ ಸೇಂಟ್ ಪಾಲ್ಸ್ ಶಾಲೆ 1856ರದು. ಅದು ಕ್ಯಾಥೊಲಿಕರ ಬೇರೆಯೇ ಕವಲು. ಹೊರಗಿನವರು ಇವೆಲ್ಲವನ್ನೂ 'ಮಿಶನ್' ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತಾರೆ.

ಕೋಟೆಯೊಳಗೆ ಕಾಲಿಟ್ಟರೆ ಇನ್ನಷ್ಟು ಪದರಗಳು. ರಟ್ಟರ ಕಾಲದ ಕಮಲ ಬಸದಿ, ಬಿಜಾಪುರದ ಸರದಾರ ಅಸದ್ ಖಾನನ ಹೆಸರಿನೊಂದಿಗೆ ಬೆಸೆದ ಸಫಾ ಮಸೀದಿ, 1892ರಲ್ಲಿ ವಿವೇಕಾನಂದರು ತಂಗಿದ್ದ ಮನೆಯನ್ನು ಒಳಗೊಂಡ ರಾಮಕೃಷ್ಣ ಆಶ್ರಮ. ನಮ್ಮ ಪಠ್ಯಪುಸ್ತಕಗಳು ಇವನ್ನು ಬೇರೆ ಬೇರೆ ಪಾಠಗಳಲ್ಲಿ ಇಟ್ಟಿವೆ. ನೆಲದ ಮೇಲೆ ಅವು ಒಂದೇ ಗೋಡೆಯ ಒಳಗಿವೆ.

ಹಾಗೆಂದು ಮಿಶನ್ನಿನ ಕಥೆಯನ್ನು ಬರೀ ಅಕ್ಷರದಾನದ ಕಥೆಯಾಗಿ ಹೇಳಲು ನಮಗೆ ಮನಸ್ಸು ಒಪ್ಪುವುದಿಲ್ಲ. ಪಾದ್ರಿಗಳು ಶಾಲೆ ತೆರೆದದ್ದು ನಿಜ, ಓದಿನಿಂದ ದೂರವಿದ್ದವರಿಗೆ ಅದರಿಂದ ದಾರಿಯಾದದ್ದೂ ನಿಜ. ಆದರೆ ಟೇಲರ್ ಬಂದ ನಾಲ್ಕೇ ವರ್ಷಕ್ಕೆ, 1824ರಲ್ಲಿ, ಇದೇ ಸೀಮೆಯ ಕಿತ್ತೂರು ಕಂಪನಿಯ ವಿರುದ್ಧ ಸಿಡಿದೆದ್ದಿತು. ಯಾವ ಸರಕಾರ ಪಾದ್ರಿಗೆ ರಕ್ಷಣೆ ಕೊಟ್ಟಿತೋ ಅದೇ ಸರಕಾರ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟಿತು.

ಆದ್ದರಿಂದ ಬೆಳಗಾವಿಯ ಹಳೆಯ ಶಾಲೆಗಳನ್ನು ನೋಡಹೋಗುವವರು ಖಾನಾಪುರದ ರಸ್ತೆಯನ್ನೂ ಹಿಡಿಯಬೇಕು. ಆ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಗಲ್ಲಿನ ಜಾಗವನ್ನು ಜನ ಆಲದ ಮರದಿಂದ ಗುರುತಿಸುತ್ತಾರೆ. ಅವನ ಸಮಾಧಿಗೆ ಇಂದಿಗೂ ಹರಕೆ ಹೊತ್ತು ಬರುವವರಿದ್ದಾರೆ.