ಹದಿನಾಲ್ಕಾಣೆಯ ಲೆಕ್ಕ

ನಮ್ಮ ಕೇರಿಗಳಲ್ಲಿ ಬಾಬಾಸಾಹೇಬರ ಪಟವಿಲ್ಲದ ಗೋಡೆ ಕಮ್ಮಿ. ನೀಲಿ ಕೋಟು, ಕೈಯಲ್ಲಿ ಸಂವಿಧಾನ. ಅದಕ್ಕೂ ಮೊದಲು ಆ ಕೈ ಸರ್ಕಾರದ ಜಮಾಖರ್ಚಿನ ಪುಸ್ತಕ ಹಿಡಿದಿತ್ತು ಅನ್ನೋದನ್ನ ನಮಗೆ ಯಾವ ಮೇಷ್ಟ್ರೂ ಹೇಳಲಿಲ್ಲ. ಅರ್ಥಶಾಸ್ತ್ರದ ತರಗತಿಗೆ ಆಡಂ ಸ್ಮಿತ್ ಬಂದ, ಕೇನ್ಸ್ ಬಂದ. ರೂಪಾಯಿಯ ಸಮಸ್ಯೆ ಕುರಿತು ಬರೆದು 1923ರಲ್ಲಿ ಲಂಡನ್ನಿನಿಂದ ಡಿ.ಎಸ್‌ಸಿ. ಪಡೆದ ನಮ್ಮವರು ಬರಲಿಲ್ಲ.

1927ರ ಮಾರ್ಚ್ 12. ಮುಂಬಯಿ ಪ್ರಾಂತ್ಯದ ಶಾಸನ ಸಭೆಯಲ್ಲಿ ಶಿಕ್ಷಣದ ಬಜೆಟ್ಟಿನ ಚರ್ಚೆ. ಆಗಷ್ಟೇ ಸದಸ್ಯರಾಗಿ ನೇಮಕಗೊಂಡಿದ್ದ ಅಂಬೇಡ್ಕರರು ಎದ್ದು ನಿಂತರು. ಕೂಗಾಡಲಿಲ್ಲ, ಲೆಕ್ಕ ಓದಿದರು. ಸರ್ಕಾರ ಶಿಕ್ಷಣಕ್ಕೆ ತಲೆಗೆ ಖರ್ಚು ಮಾಡೋದು ಹದಿನಾಲ್ಕಾಣೆ. ಒಂದು ರೂಪಾಯಿಯೂ ಅಲ್ಲ. ಅದೇ ತಲೆಯಿಂದ ಹೆಂಡ ಸಾರಾಯಿಯ ಅಬಕಾರಿ ಬಾಬ್ತಿನಲ್ಲಿ ವಸೂಲಿ ಮಾಡೋದು ಎರಡು ರೂಪಾಯಿಗೂ ಮೇಲೆ. ಕುಡಿಸಿ ಕಿತ್ತುಕೊಂಡಷ್ಟನ್ನಾದರೂ ಓದಿಸೋಕೆ ಕೊಡಿ ಅಂತ ಅವರ ವಾದ. ಅಪ್ಪನ ಕೂಲಿ ಅಂಗಡಿಯಲ್ಲೇ ಕರಗೋದನ್ನ ನೋಡಿ ಬೆಳೆದ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಶಾಲೆಗೆ ಸೇರಿದ ನೂರು ಮಕ್ಕಳಲ್ಲಿ ನಾಲ್ಕನೇ ಇಯತ್ತೆ ಮುಟ್ಟೋರು 18 ಅಂದರು. ಮಿಕ್ಕ 82 ಮಕ್ಕಳು ಕಲಿತದ್ದನ್ನೂ ಮರೆತು ಮತ್ತೆ ಹೆಬ್ಬೆಟ್ಟು.

ಅಲ್ಲಿಗೇ ನಿಲ್ಲಿಸಿದ್ದರೆ ಅವರೂ ಒಬ್ಬ ಒಳ್ಳೆಯ ಪ್ರೊಫೆಸರ್ ಆಗಿ ಉಳೀತಿದ್ದರು. ಅವರು ಅಂಕಿಯನ್ನ ಜಾತಿಯ ಪ್ರಕಾರ ಒಡೆದು ತೋರಿಸಿದರು. ಪ್ರಾಥಮಿಕ ಶಾಲೆಯಲ್ಲಿ, ಆಯಾ ಗುಂಪಿನ ಸಾವಿರ ಜನಕ್ಕೆ, ಮುಂದುವರಿದ ಹಿಂದೂಗಳ ಮಕ್ಕಳು 119, ಮುಸ್ಲಿಮರ ಮಕ್ಕಳು 92, ಮಧ್ಯಮ ಜಾತಿಗಳವು 38, ಹಿಂದುಳಿದವರವು 18. ಹೈಸ್ಕೂಲಿಗೆ ಬಂದರೆ ಲಕ್ಷಕ್ಕೆ ಮುಂದುವರಿದವರು 3000, ಹಿಂದುಳಿದವರು 14. ಕಾಲೇಜಿನಲ್ಲಿ ಎರಡು ಲಕ್ಷಕ್ಕೆ ಅವರು 1000. ನಾವು? ಇದ್ದರೆ ಒಬ್ಬ, ಇಲ್ಲದಿದ್ದರೆ ಸೊನ್ನೆ.

ಆಗಿನ ಸರ್ಕಾರಿ ಕಾಗದದಲ್ಲಿ 'ಹಿಂದುಳಿದವರು' ಅಂದರೆ ಅಸ್ಪೃಶ್ಯರು, ಗುಡ್ಡಗಾಡಿನವರು, ಅಪರಾಧಿ ಬುಡಕಟ್ಟು ಅಂತ ಬ್ರಿಟಿಷರು ಮುದ್ರೆ ಒತ್ತಿದವರು. ಬೆಳಗಾವಿ, ಬಿಜಾಪುರ, ಧಾರವಾಡ, ಕಾರವಾರ ಆಗ ಅದೇ ಪ್ರಾಂತ್ಯದೊಳಗಿದ್ದವು. ಆ ಹದಿನೆಂಟರಲ್ಲಿ ಕನ್ನಡ ಮಾತಾಡೋ ಕೂಸುಗಳೂ ಸೇರಿದ್ದವು.

ಸರಾಸರಿ ಅನ್ನೋದು ಊರ ಬಾವಿ ಇದ್ದಂಗೆ. ಊರಿಗೆ ನೀರಿದೆ ಅಂತ ಬರೆದುಕೊಳ್ಳಬಹುದು. ಯಾರು ಹಗ್ಗ ಬಿಟ್ಟು ಸೇದಬಹುದು ಅನ್ನೋದು ಆ ಬರಹದಲ್ಲಿ ಇರೋಲ್ಲ. ಈ ಭಾಷಣವಾಗಿ ಎಂಟೇ ದಿನಕ್ಕೆ, ಮಾರ್ಚ್ 20ಕ್ಕೆ, ಅದೇ ಮನುಷ್ಯ ಮಹಾಡದ ಚೌದಾರ್ ಕೆರೆಗಿಳಿದು ಬೊಗಸೆ ನೀರು ಕುಡಿದರು. ಪುರಸಭೆಯ ಪುಸ್ತಕದಲ್ಲಿ ಆ ಕೆರೆ 1924ರಲ್ಲೇ ಎಲ್ಲರಿಗೂ ತೆರೆದಿತ್ತು! ನೀರು ಮುಟ್ಟಿದ್ದಕ್ಕೆ ನಮ್ಮವರ ತಲೆ ಒಡೆದರು. ಸಭೆಯ ಅಂಕಿ ಬೇರೆ, ಕೆರೆಯ ಹೋರಾಟ ಬೇರೆ ಅನ್ನೋ ಪಂಡಿತರು ಈ ಎರಡು ತಾರೀಖುಗಳನ್ನ ಪಕ್ಕಪಕ್ಕ ಇಟ್ಟು ನೋಡಲಿ.

ಆರೋಗ್ಯದ ಮಾತೂ ಆ ಸಭೆಯಲ್ಲಿ ಬಂತು. 1928ರ ಜುಲೈನಲ್ಲಿ ಕಾರ್ಖಾನೆಯ ಬಸುರಿ ಬಾಣಂತಿಯರಿಗೆ ರಜೆ, ಭತ್ಯೆ ಕೊಡುವ ಮಸೂದೆ ಚರ್ಚೆಗಿತ್ತು. ಖರ್ಚು ಯಾರು ಹೊರಬೇಕು ಅನ್ನೋದೇ ತಕರಾರು. ತಾಯಿಗೆ ವಿಶ್ರಾಂತಿ ಸಿಕ್ಕರೆ ಅದು ದೇಶಕ್ಕೇ ಲಾಭ, ಆಕೆಯ ದುಡಿಮೆಯಿಂದ ಲಾಭ ತೆಗೆಯೋ ಮಾಲೀಕನೂ ಹೊರೆ ಹೊರಲಿ ಅಂತ ಅಂಬೇಡ್ಕರರು ಪಟ್ಟು ಹಿಡಿದರು. 1929ರಲ್ಲಿ ಕಾಯ್ದೆ ಬಂತು, ಕಾರ್ಖಾನೆಯ ಹೆಂಗಸರಿಗೆ ಮಾತ್ರ. ಗೌಡರ ಹೊಲದಲ್ಲಿ ಕಳೆ ಕೀಳುತ್ತಲೇ ನೋವು ತಿನ್ನುತ್ತಿದ್ದ ನಮ್ಮವ್ವಂದಿರು ಅದರ ಹೊರಗೇ ಉಳಿದರು.